ಹಿಟ್ಟಿನ ತಕ್ಕಡಿಯೂ ಕಣ್ಣು ಮಿಟುಕಿಸುವ ಕರೆಂಟೂ

ಬೇಕರಿಯಿಂದ ವಾಪಸು ಬಂದ ತಕ್ಕಡಿಯನ್ನು ಪೆಟ್ಟಿಗೆ ಬಿಚ್ಚುವ ಮೊದಲೇ ಮೂಗು ಗುರುತಿಸುತ್ತದೆ. ಹುದುಗಿದ ಹಿಟ್ಟಿನ ಹುಳಿ ವಾಸನೆ, ಸಂದುಗೊಂದಿನಲ್ಲೆಲ್ಲ ಮೈದಾ. ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾ ಊರಾಚೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಪಕ್ಕಕ್ಕೆ ಟೈರ್ ಅಂಗಡಿ, ಇನ್ನೊಂದು ಪಕ್ಕಕ್ಕೆ ಮಕ್ಕಳ ಜಿಮ್ನಾಸ್ಟಿಕ್ಸ್ ಶಾಲೆ, ನಡುವೆ ನಮ್ಮ ಪುಟ್ಟ ಕಂಪನಿ. ದೊಡ್ಡ ಬೇಕರಿಗಳಿಗೆ ಹಿಟ್ಟು ತೂಗುವ ಎಲೆಕ್ಟ್ರಾನಿಕ್ ತಕ್ಕಡಿಗಳನ್ನು ಮಾಡುತ್ತೇವೆ. ನನ್ನ ಕೆಲಸ ಪರೀಕ್ಷೆ. ಹೊರಟಿದ್ದನ್ನು ಪರೀಕ್ಷಿಸಿ ಕಳಿಸಬೇಕು, ಕೆಟ್ಟು ಬಂದದ್ದನ್ನು ಪರೀಕ್ಷಿಸಿ ಯಾಕೆ ಕೆಟ್ಟಿತು ಎಂದು ಹೇಳಬೇಕು.

ಆ ಚಳಿಗಾಲ ತಕ್ಕಡಿಗಳು ಒಂದರ ಹಿಂದೆ ಒಂದು ವಾಪಸು ಬರತೊಡಗಿದವು, ಎಲ್ಲವೂ ಒಂದೇ ದೂರು ಹೊತ್ತು. ಬೇಕರಿಯಲ್ಲಿ ಕರೆಂಟ್ ಒಮ್ಮೆ ಹೋಗಿ ಬಂದರೆ ತಕ್ಕಡಿಗೆ ಹುಚ್ಚು ಹಿಡಿಯುತ್ತದಂತೆ. ಖಾಲಿ ತಟ್ಟೆಗೂ ಏನೋ ಒಂದು ತೂಕ, ಮೂಟೆ ಹೇರಿದರೂ ಅದೇ ತೂಕ. ಪೆಟ್ಟಿಗೆಯ ತಳ ಮುಟ್ಟಿದರೆ ಬಿಸಿ. ಪ್ಲಗ್ ಕಿತ್ತು ಮತ್ತೆ ಹಾಕಿದರೆ ಮಾತ್ರ ಏನೂ ಆಗಿಲ್ಲವೆಂಬಂತೆ ತೂಗುತ್ತದೆ. ಒಂದೆರಡು ತಕ್ಕಡಿಗಳು ಮಾತ್ರ ಮತ್ತೆ ಏಳಲೇ ಇಲ್ಲ. ಅವುಗಳೊಳಗೆ ಎಂಟು ಕಾಲಿನ ಒಂದು ಪುಟ್ಟ ಚಿಪ್ ಸುಟ್ಟು ಕರಕಾಗಿತ್ತು. ಉಳಿದವನ್ನು ನನ್ನ ಮೇಜಿನ ಮೇಲೆ ಇಟ್ಟರೆ ದೇವರಂಥ ತಕ್ಕಡಿಗಳು. ಮನೆಯಲ್ಲಿ ಕಿರುಚಿ ಕೂಗಾಡಿದ ಮಗು ಡಾಕ್ಟರ ಮುಂದೆ ಕೂತೊಡನೆ ನಕ್ಕು ಆಡುವುದಿಲ್ಲವೇ, ಹಾಗೆ. ಕಿತ್ತೆ, ಹಾಕಿದೆ, ತೂಗಿದೆ. ಸರಿಯಾಗಿಯೇ ಇತ್ತು. ಕೊನೆಗೆ ‘ದೋಷ ಕಂಡುಬಂದಿಲ್ಲ’ ಎಂಬ ಚೀಟಿ ಅಂಟಿಸಿ ಕಳಿಸುತ್ತಿದ್ದೆ. ಸ್ವಲ್ಪ ದಿನಕ್ಕೆ ನನ್ನ ಚೀಟಿಯ ಮೇಲೆ ಇನ್ನಷ್ಟು ಹಿಟ್ಟು ಮೆತ್ತಿಸಿಕೊಂಡು ಅದೇ ತಕ್ಕಡಿ ಮತ್ತೆ ಬರುತ್ತಿತ್ತು.

ಆ ಎಂಟು ಕಾಲಿನ ಚಿಪ್ಪಿನ ಕೆಲಸ ಪ್ಲಸ್ ವೋಲ್ಟೇಜ್ ತೆಗೆದುಕೊಂಡು ಅದನ್ನು ಮೈನಸ್ ಮಾಡಿ ಕೊಡುವುದು. ತಕ್ಕಡಿಯ ತಟ್ಟೆಯ ಕೆಳಗಿನಿಂದ ಬರುವ ಸಂಕೇತ ತೀರಾ ಸಣ್ಣದು. ಅದನ್ನು ದೊಡ್ಡದು ಮಾಡುವ ಆಂಪ್ಲಿಫೈಯರಿಗೆ ಪ್ಲಸ್ಸೂ ಬೇಕು, ಮೈನಸ್ಸೂ ಬೇಕು. ಮೈನಸ್ ಹೋದರೆ ತಕ್ಕಡಿಗೆ ತಲೆ ಕೆಟ್ಟಂತೆಯೇ. ಇಷ್ಟು ನನಗೂ ಗೊತ್ತಿತ್ತು, ಬೋರ್ಡಿನ ವಿನ್ಯಾಸ ಮಾಡಿದವರಿಗೂ ಗೊತ್ತಿತ್ತು. ಮೈನಸ್ ಯಾಕೆ ಹೋಗುತ್ತದೆ ಎಂಬುದು ಮಾತ್ರ ಇಬ್ಬರಿಗೂ ಗೊತ್ತಿರಲಿಲ್ಲ.

ವಿನ್ಯಾಸ ಮಾಡಿದವರು ಧಾರವಾಡದವರು. ನನಗಿಂತ ಹದಿನೈದು ವರ್ಷಕ್ಕೆ ಚಿಕ್ಕವರು, ಬೆಂಗಳೂರಿನಲ್ಲಿ ಕೆಲಸ ಮಾಡಿ ಇಲ್ಲಿಗೆ ಬಂದವರು. ಕಂಪನಿಯಲ್ಲಿ ಕನ್ನಡದವರೆಂದರೆ ನಾವಿಬ್ಬರೇ. ಮಾಮೂಲಿ ಹೊತ್ತಿನಲ್ಲಿ ನನ್ನ ಜೊತೆ ಬೆಂಗಳೂರಿನ ಕನ್ನಡ ಆಡುತ್ತಾರೆ. ಸಿಟ್ಟು ಬಂದರೆ, ಖುಷಿಯಾದರೆ, ಬೆಸುಗೆಯ ಕಡ್ಡಿ ಕೈಗೆ ತಾಗಿದರೆ ಧಾರವಾಡ ಹೊರಗೆ ಬರುತ್ತದೆ. ನನ್ನನ್ನು ‘ಅಕ್ಕಾರ’ ಎನ್ನುತ್ತಾರೆ. ನಾನು ಮೈಸೂರಿನ ಅಗ್ರಹಾರದಲ್ಲಿ ಅಜ್ಜಿ, ದೊಡ್ಡಮ್ಮಂದಿರ ನಡುವೆ ಮಾತು ಕಲಿತವಳು. ನನ್ನ ‘ಕಣ್ರೀ’, ‘ಕಣೇ’ ಕೇಳಿದರೆ ಅವರಿಗೆ ನಗು. ಅವರ ‘ಹೊಂಟೇತಿ’ ಕೇಳಿದರೆ ನನಗೆ ನಗು. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಅವರ ಶೇಂಗಾ ಚಟ್ನಿ ನನ್ನ ಕಡೆ ಬರುತ್ತದೆ, ನನ್ನ ಗೊಜ್ಜು ಅವರ ಕಡೆ ಹೋಗುತ್ತದೆ.

ಜನವರಿಯ ಒಂದು ಬೆಳಗ್ಗೆ ಡೈರೆಕ್ಟರು ನಮ್ಮಿಬ್ಬರನ್ನೂ ಕರೆದರು. ಡಡ್ಲಿ ಕಡೆಯ ಮನುಷ್ಯ. ಕೆಟ್ಟವರಲ್ಲ, ಕೆಟ್ಟ ಸುದ್ದಿ ಹೇಳುವಾಗ ಚಹಾದ ಮಗ್ಗಿನೊಳಗೇ ನೋಡುತ್ತಾರೆ.

“ಮ್ಯಾಂಚೆಸ್ಟರಿನ ಬೇಕರಿಯವರು ಎಲ್ಲ ತಕ್ಕಡಿಗಳನ್ನೂ ವಾಪಸು ಕೊಡ್ತೀವಿ ಅಂತಿದ್ದಾರೆ. ಈ ತಿಂಗಳ ಕೊನೆ ತನಕ ನೋಡ್ತೀನಿ,” ಎಂದು ಮಗ್ಗಿಗೆ ಹೇಳಿದರು. “ಅಷ್ಟರಲ್ಲಿ ಕಾರಣ ಸಿಗದಿದ್ರೆ ನಮ್ಮ ಬೋರ್ಡ್ ಸಾಕು. ಹೊರಗಿಂದ ಸಿದ್ಧ ಬೋರ್ಡ್ ತಂದು ಹಾಕೋಣ. ಹಾಗಾದ್ರೆ... ಇಲ್ಲಿ ಬೋರ್ಡ್ ವಿನ್ಯಾಸದ ಕೆಲಸಾನೇ ಇರೋದಿಲ್ಲ.”

ಬೋರ್ಡ್ ವಿನ್ಯಾಸದ ಕೆಲಸ ಎಂದರೆ ಧಾರವಾಡದವರ ಕೆಲಸ. ಅವರ ವೀಸಾ ನಿಂತಿರುವುದು ಆ ಕೆಲಸದ ಮೇಲೆ. ಕಂಪನಿ ಸ್ಪಾನ್ಸರ್ ಮಾಡುವುದನ್ನು ನಿಲ್ಲಿಸಿದರೆ ಇನ್ನೊಂದು ಕಂಪನಿ ಹುಡುಕಬೇಕು, ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ಹೆಂಡತಿ, ಮಗಳು ಜೊತೆಗಿದ್ದರು. ಮಗಳು ಜಿಸಿಎಸ್‌ಇ, ಅಂದರೆ ಇಲ್ಲಿಯ ಎಸ್ಸೆಸ್ಸೆಲ್ಸಿ ಪರೀಕ್ಷೆಯ ವರ್ಷದಲ್ಲಿದ್ದಳು. ಇಲ್ಲೇ ಬೆಳೆದ ಹುಡುಗಿ. ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ತಿರುಗಿ ಬೈಯುತ್ತಾಳೆ.

ಹೊರಗೆ ಬಂದವರೇ ಅವರು ಕಾರಿಡಾರಿನ ಗೋಡೆಗೆ ಒರಗಿ ನಿಂತರು.

“ಮನ್ಯಾಗ ಏನೂ ಹೇಳಿಲ್ಲ ಅಕ್ಕಾರ. ಹೇಳಿದ್ರ ಆಕಿ ಪುಸ್ತಕ ಮುಚ್ಚಿ ಕುಂಡರತಾಳ.”

“ಹೇಳೋ ಪ್ರಮೇಯ ಬಂದ್ರೆ ತಾನೆ? ಮೊದ್ಲು ಆ ತಕ್ಕಡಿ ಹುಚ್ಚು ನಮ್ಮ ಕಣ್ಣೆದುರಿಗೆ ಬರಲಿ ಕಣ್ರೀ. ಆಮೇಲೆ ಬಿಡಿಸೋಣ.”

ಹೇಳಿದ್ದೇನೋ ಹೇಳಿದೆ. ಇಡೀ ವಾರ ಅದು ನಮ್ಮ ಕಣ್ಣೆದುರಿಗೆ ಬರಲಿಲ್ಲ. ಗೋಡೆಯ ಸಾಕೆಟ್ಟಿನ ಸ್ವಿಚ್ ಆರಿಸುವುದು, ಸ್ವಲ್ಪ ಕಾಯುವುದು, ಮತ್ತೆ ಹಾಕುವುದು. ಬಿಸಿ ಮಾಡಿ ನೋಡಿದೆವು, ಕಂಪನಿಯ ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಇಟ್ಟು ತಣ್ಣಗೆ ಮಾಡಿ ನೋಡಿದೆವು. ಧಾರವಾಡದವರು ಚಿಪ್ ಬದಲಿಸಿದರು, ಬೇರೆ ಕಂಪನಿಯ ಚಿಪ್ ಹಾಕಿದರು. ತಕ್ಕಡಿ ನಮ್ಮನ್ನು ನೋಡಿ ನಗುತ್ತಲೇ ಇತ್ತು.

“ಬರ್ರಿ, ಮ್ಯಾಂಚೆಸ್ಟರಿಗೇ ಹೋಗೋಣು,” ಎಂದರು ಅವರು. “ರೋಗಿ ಇಲ್ಲಿ ಬಂದ್ರ ನಾಟಕ ಮಾಡತೈತಿ. ಅದರ ಮನೀಗೇ ಹೋಗಿ ನೋಡೋಣು.”

ಇಲ್ಲಿ ನನ್ನ ಅಜ್ಜಿಯ ಮಾತು ಬಾರದೆ ಕಥೆ ಮುಂದೆ ಹೋಗುವುದಿಲ್ಲ. ನಾನು ಚಿಕ್ಕವಳಿದ್ದಾಗ ಮೈಸೂರಿನಲ್ಲಿ ಕರೆಂಟ್ ಹೋಗುವುದು ಹೊಸದೇನಲ್ಲ, ಹೋದದ್ದು ನೆಟ್ಟಗೆ ಬರುವುದೇ ಅಪರೂಪ. ಪಕ್ಕದ ಮನೆಯವರ ಟೀವಿ ಹಾಗೆ ಒಮ್ಮೆ ಒಕ್ಕರಿಸಿ ಬಂದ ಕರೆಂಟಿಗೆ ಹೊಗೆ ಬಿಟ್ಟು ಸತ್ತ ಮೇಲಂತೂ ನಮ್ಮ ಮನೆಯಲ್ಲಿ ಸೈನ್ಯದ ಶಿಸ್ತು. ದೀಪ ಆರಿತೋ ಇಲ್ಲವೋ ಅಜ್ಜಿಯ ದನಿ ಏಳುತ್ತಿತ್ತು. “ಫ್ರಿಜ್ಜು! ಟೀವಿ! ಯಾರೇ ಅದು ಇನ್ನೂ ನಿಂತಿರೋಳು?” ಎಲ್ಲರಿಗೂ ಒಂದೊಂದು ಸ್ವಿಚ್ಚಿನ ಪಾರುಪತ್ಯ. ನನ್ನ ಪಾಲಿಗೆ ಫ್ರಿಜ್ಜು. ಕತ್ತಲಲ್ಲಿ ಓಡಿ ಹೋಗಿ ಆರಿಸಬೇಕು. ಕರೆಂಟ್ ಬಂದಿತೆಂದು ಕುಣಿದು ಹಾಕುವಂತಿಲ್ಲ. ಅಜ್ಜಿ ಹಜಾರದ ಬಲ್ಬನ್ನೇ ದಿಟ್ಟಿಸಿ ನೋಡಿ, “ತಡೀರೇ, ಬಂದಿದ್ದು ನಿಲ್ಲತ್ತಾ ನೋಡೋಣ,” ಎಂದು ಸಾಕಷ್ಟು ಹೊತ್ತು ಕಾದು, ಕೈಯೆತ್ತಿ ಅಪ್ಪಣೆ ಕೊಟ್ಟ ಮೇಲೇ ಹಾಕುವುದು. ಅಜ್ಜಿ ಹೋಗಿ ಕಾಲವಾಯಿತು. ಈ ದೇಶದಲ್ಲಿ ಕರೆಂಟ್ ಹೋಗುವುದೇ ಒಂದು ವಿಶೇಷ. ಆದರೂ ದೀಪ ಮಿನುಗಿದರೆ ನನ್ನ ಕಾಲು ನನ್ನನ್ನು ಕೇಳದೆ ಫ್ರಿಜ್ಜಿನ ಕಡೆ ಹೊರಡುತ್ತದೆ.

ಧಾರವಾಡದಲ್ಲೂ ಇಂಥದೇ ಒಬ್ಬ ಅಜ್ಜಿ ಇದ್ದರೆಂದು ನನಗೆ ಮ್ಯಾಂಚೆಸ್ಟರಿನಲ್ಲಿ ಗೊತ್ತಾಯಿತು.

ಬೇಕರಿಯ ಮೇಲ್ವಿಚಾರಣೆಯ ಹೆಂಗಸು ಐವತ್ತು ದಾಟಿದವಳು, ತೋಳು ನೋಡಿದರೆ ಮೂಟೆ ಎತ್ತಿ ಬೆಳೆದವಳು. ನನ್ನನ್ನೂ ‘ಲವ್’ ಎಂದಳು, ಧಾರವಾಡದವರನ್ನೂ ‘ಲವ್’ ಎಂದಳು. ಆ ಊರಿನಲ್ಲಿ ಅದು ನಮ್ಮ ‘ಅಮ್ಮಾ, ಅಪ್ಪಾ’ ಇದ್ದ ಹಾಗೆ, ಅವರೇನೋ ಕಿವಿ ಕೆಂಪು ಮಾಡಿಕೊಂಡರು. ತಕ್ಕಡಿಯ ಪಕ್ಕದಲ್ಲಿ ಆಳೆತ್ತರದ ಹಿಟ್ಟು ನಾದುವ ಯಂತ್ರ.

“ಇದನ್ನ ಚಾಲೂ ಮಾಡಿದಾಗ ಒಂದೊಂದು ಸಲ ದೀಪ ಮಿಟುಕತ್ತೆ. ಆಗಲೇ ನಿಮ್ಮ ತಕ್ಕಡಿಗೆ ಭೂತ ಹಿಡಿಯೋದು,” ಎಂದಳು. “ನೋಡ್ತಾ ಇರಿ.”

ನೋಡುತ್ತಾ ನಿಂತೆವು. ಅವಳು ಗುಂಡಿ ಒತ್ತಿದಳು. ಯಂತ್ರ ಹೂಂಕರಿಸಿತು. ಮೇಲಿನ ಟ್ಯೂಬ್‌ಲೈಟುಗಳೆಲ್ಲ ಒಮ್ಮೆ ಕಣ್ಣು ಮುಚ್ಚಿ ತೆರೆದವು.

ಮುಂದಿನ ಕ್ಷಣದಲ್ಲಿ ನಾನು ಗೋಡೆಯ ಸ್ವಿಚ್ ಆರಿಸಿ ನಿಂತಿದ್ದೆ. ನನ್ನ ಕೈ ಸ್ವಿಚ್ ತಲುಪುವ ಹೊತ್ತಿಗೆ ಧಾರವಾಡದವರು ಮೇಜಿನ ಅಡಿಯಿಂದ ನುಗ್ಗಿ ತಕ್ಕಡಿಯ ಹಿಂದಿನ ವಯರನ್ನೇ ಕಿತ್ತು ಕೈಯಲ್ಲಿ ಹಿಡಿದಿದ್ದರು. ಇಬ್ಬರೂ ಏದುಸಿರು ಬಿಡುತ್ತಾ, ಯಾವುದೋ ಬೆಂಕಿಯಿಂದ ಮಗುವನ್ನು ಉಳಿಸಿದವರಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ತಕ್ಕಡಿಯ ಪರದೆ ಕಪ್ಪಗೆ, ಖಾಲಿಯಾಗಿ ಕೂತಿತ್ತು.

ಹೆಂಗಸು ಸೊಂಟದ ಮೇಲೆ ಕೈಯಿಟ್ಟುಕೊಂಡಳು. “ಅಷ್ಟು ದೂರದಿಂದ ಬಂದು ನೋಡಬೇಕಾದ್ದನ್ನೇ ಆರಿಸಿಬಿಟ್ರಲ್ಲಾ, ಲವ್!”

ಯಂತ್ರದೊಳಗೆ ಹಿಟ್ಟು ತುಂಬಿಬಿಟ್ಟಿತ್ತು, ಒಮ್ಮೆ ತಿರುಗಿದರೆ ನಾದಿ ಮುಗಿಯುವ ತನಕ ನಿಲ್ಲಿಸುವಂತಿಲ್ಲ. ಮತ್ತೆ ಚಾಲೂ ಮಾಡಿದಾಗ ದೀಪ ಮಿಟುಕಲೇ ಇಲ್ಲ. ಇನ್ನೊಂದು ಗಂಟೆ ಕಾದರೂ ಅಷ್ಟೇ. ನಾವು ಬಂದ ದಾರಿಗೆ ಸುಂಕವಿಲ್ಲದೆ ರೈಲು ಹತ್ತಿದೆವು.

ರೈಲಿನಲ್ಲಿ ಜಗಳ. ಕನ್ನಡದಲ್ಲಿ ಜಗಳವಾಡುವ ಸುಖವೆಂದರೆ ದನಿ ತಗ್ಗಿಸಬೇಕಿಲ್ಲ, ಯಾರಿಗೂ ಅರ್ಥವಾಗುವುದಿಲ್ಲ ಎಂದುಕೊಂಡಿರುತ್ತೇವೆ.

“ಸ್ವಿಚ್ ಆರಿಸ್ರಿ ಅಂತ ಯಾರ್ ಹೇಳಿದ್ರು ನಿಮಗ?”

“ನಿಮಗೆ ವಯರ್ ಕೀಳೋಕೆ ಯಾರು ಹೇಳಿದ್ರು? ನಾನು ಆರಿಸದಿದ್ರೂ ನೀವು ಕಿತ್ತಿದ್ರಿ.”

“ನಾ ಕೀಳದಿದ್ರೂ ನೀವು ಆರಿಸಿದ್ರಿ!”

“ಅದು ಕೈಗೆ ಬಂದಿದ್ದು ಕಣ್ರೀ, ನಮ್ಮಜ್ಜಿ ಹಾಕಿದ ಅಭ್ಯಾಸ. ನಾನೇನು ಯೋಚನೆ ಮಾಡಿ ಆರಿಸಿದ್ನಾ?”

“ನಮ್ಮ ಅಜ್ಜಿನೂ ಹಂಗಽ. ಕರೆಂಟ್ ಹೋತು ಅಂದ್ರ ಸಾಕು, ತಗಿ ತಗಿ ಅಂತ ಬೆನ್ನಿಗೆ ಗುದ್ದತಿದ್ಲು.”

ಸ್ಟೋಕ್ ಸ್ಟೇಷನ್ ದಾಟಿರಬೇಕು, ಎದುರಿನ ಸೀಟಿನಲ್ಲಿ ಕೋಟು ಹೊದ್ದು ಕಣ್ಣು ಮುಚ್ಚಿ ಕೂತಿದ್ದ ಹೆಂಗಸು ಕಣ್ಣು ತೆರೆಯದೆಯೇ ನಗತೊಡಗಿದಳು. ಆಮೇಲೆ ಅಚ್ಚ ಕನ್ನಡದಲ್ಲಿ, “ತಪ್ಪು ತಿಳ್ಕೋಬೇಡಿ, ಮ್ಯಾಂಚೆಸ್ಟರಿಂದ ಕೇಳಿಸ್ಕೊಳ್ತಾ ಇದೀನಿ,” ಎಂದಳು.

ವುಲ್ವರ್‌ಹ್ಯಾಂಪ್ಟನ್ನಿನ ಆಸ್ಪತ್ರೆಯಲ್ಲಿ ಡಾಕ್ಟರಂತೆ, ಊರು ಶಿವಮೊಗ್ಗ. ನಾಚಿಕೆ ಕಳೆಯಲೆಂದು ನಾನು ಡಬ್ಬಿ ಬಿಚ್ಚಿ ಚಕ್ಕುಲಿ ಕೊಟ್ಟೆ. ಚಕ್ಕುಲಿ ಮುರಿಯುತ್ತಾ ಆಕೆ ಕಥೆಯನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ರೋಗಿಯನ್ನು ಕೇಳುವ ದನಿಯಲ್ಲೇ ಒಂದು ಪ್ರಶ್ನೆ ಹಾಕಿದರು.

“ನಿಮ್ಮ ಕಂಪನೀಲಿ ಪರೀಕ್ಷೆ ಮಾಡ್ತೀರಲ್ಲ, ಆಗ ಎಷ್ಟು ಹೊತ್ತು ಆರಿಸಿಟ್ಟಿರ್ತೀರಿ?”

“ಒಂದಿಷ್ಟು ಹೊತ್ತು,” ಎಂದೆ.

“ಒಂದಿಷ್ಟು ಅಂದ್ರೆ?”

ನಾನು ಧಾರವಾಡದವರ ಮುಖ ನೋಡಿದೆ. ಅವರು ನನ್ನ ಮುಖ ನೋಡುತ್ತಿದ್ದರು. ಅರ್ಧ ಚಕ್ಕುಲಿ ಅವರ ಬಾಯಿಯ ಹತ್ತಿರ ಬಂದು ನಿಂತಿತ್ತು.

“ಅಕ್ಕಾರ,” ಎಂದರು ಮೆಲ್ಲಗೆ. “ನಾವು ಕಾಯತೀವಿ.”

ಹೌದು, ಕಾಯುತ್ತಿದ್ದೆವು. ಇಬ್ಬರೂ ಅಜ್ಜಿಯರ ಕೈಯಲ್ಲಿ ಪಳಗಿದವರು. ಆರಿಸಿದ ಮೇಲೆ ತಕ್ಷಣ ಹಾಕಿದರೆ ಪಾಪ ತಟ್ಟುತ್ತದೆ ಎಂಬಂತೆ, ಪ್ರತಿ ಸಲ ಒಂದು ಗೌರವದ ಬಿಡುವು ಕೊಟ್ಟೇ ಮತ್ತೆ ಹಾಕುತ್ತಿದ್ದೆವು. ನಾನಿಲ್ಲದ ದಿನ ಪರೀಕ್ಷೆ ಮಾಡುವ ಇಂಗ್ಲಿಷ್ ಸಹೋದ್ಯೋಗಿಯೂ ಕಾಯುತ್ತಿದ್ದ. ಕೆಟ್ಟ ಕಂಪ್ಯೂಟರನ್ನು ಆರಿಸಿ, ಹತ್ತು ಎಣಿಸಿ ಹಾಕುವುದು ಈ ದೇಶದವರ ಅಭ್ಯಾಸ. ಬೇಕರಿಯ ದೀಪಗಳು ಹತ್ತು ಎಣಿಸಿರಲಿಲ್ಲ. ಕಣ್ಣು ಮಿಟುಕಿಸಿದ್ದವು, ಅಷ್ಟೇ.

“ಜ್ವರ ಇಳಿದ ಮೇಲೆ ಥರ್ಮಾಮೀಟರ್ ಇಡ್ತಿದ್ರಿ ಅನ್ನಿ,” ಎಂದರು ಡಾಕ್ಟರು. ವುಲ್ವರ್‌ಹ್ಯಾಂಪ್ಟನ್ ಬಂತು. ಉಳಿದ ಚಕ್ಕುಲಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ಇಳಿದು ಹೋದರು. ಹೆಸರು ಕೇಳುವುದು ನಮಗೆ ನೆನಪೇ ಆಗಲಿಲ್ಲ.

ಮರುದಿನ ಬೆಳಗ್ಗೆ ಕೋಟು ಬಿಚ್ಚುವ ಮೊದಲೇ ಸ್ವಿಚ್ಚಿನ ಮುಂದೆ ಕೂತೆ. ಟಕ್ಕೆಂದು ಆರಿಸಿ ಟಕ್ಕೆಂದು ಹಾಕಿದೆ. ಏನೂ ಆಗಲಿಲ್ಲ; ತೀರಾ ಬೇಗ ಹಾಕಿದರೆ ಅಡಾಪ್ಟರಿನೊಳಗೆ ಉಳಿದಿದ್ದ ಕರೆಂಟೇ ತಕ್ಕಡಿಯನ್ನು ಕೈಹಿಡಿದು ದಾಟಿಸುತ್ತಿತ್ತು. ಸ್ವಲ್ಪ ತಡೆದು ಹಾಕಿದರೆ ಹಳೆಯ ಕಥೆಯೇ, ಎಲ್ಲ ಖಾಲಿಯಾಗಿ ಹೊಸದಾಗಿ ಹುಟ್ಟಿದ ಹಾಗೆ ಏಳುತ್ತಿತ್ತು. ನಡುವೆ ಎಲ್ಲೋ ಒಂದು ಹದವಿರಬೇಕು. ಬೆಲ್ಲದ ಪಾಕ ಮಾಡಿದವರಿಗೆ ಇದು ಹೊಸದಲ್ಲ. ಈಗ ಬಂದಿಲ್ಲ, ಈಗ ಬಂದಿಲ್ಲ ಎನ್ನುತ್ತಿರುವಾಗಲೇ ಬಂದು ದಾಟಿ ಹೋಗಿರುತ್ತದೆ. ಕೈಯಲ್ಲೇ ಆ ಹದ ಹುಡುಕುತ್ತಾ ಹೋದೆ. ಇನ್ನೊಂದು ಚೂರು ಬೇಗ, ಇನ್ನೊಂದು ಚೂರು ತಡ. ಸ್ವಿಚ್ಚಿನ ಸದ್ದಿಗೆ ಪಕ್ಕದ ಮೇಜಿನವರು ಹೆಡ್‌ಫೋನ್ ಹಾಕಿಕೊಂಡರು.

ಆಮೇಲೆ ಒಮ್ಮೆ ಪರದೆಯ ಮೇಲೆ ಒಂದು ಅಸಂಬದ್ಧ ತೂಕ ಬಂದು ನಿಂತಿತು. ಖಾಲಿ ತಟ್ಟೆ. ಬೆರಳಿಟ್ಟು ಒತ್ತಿದೆ, ಕದಲಲಿಲ್ಲ. ಮೊಣಕೈ ಊರಿದೆ. ಅದೇ ತೂಕ.

“ಬರ್ರೀ ಇಲ್ಲಿ!” ಎಂದು ಕೂಗಿದೆ. ಅವರ ಭಾಷೆಯೇ ನನ್ನ ಬಾಯಿಗೆ ಬಂದಿತ್ತು. “ಮುಟ್ಟಬೇಡಿ! ಏನೂ ಆರಿಸಬೇಡಿ!”

ಧಾರವಾಡದವರು ಓಡಿ ಬಂದರು. ಕರೆಂಟ್ ಅಳೆಯುವ ಮೀಟರಿನ ಮುಳ್ಳು ಎಂದೂ ಏರದ ಕಡೆಗೆ ಏರಿ ನಿಂತಿತ್ತು. ಅವರು ಪೆಟ್ಟಿಗೆಯ ಮುಚ್ಚಳ ತೆಗೆದು ಎಂಟು ಕಾಲಿನ ಚಿಪ್ಪಿನ ಮೇಲೆ ಬೆರಳಿಟ್ಟರು.

“ಅಯ್ಯಯ್ಯೋ! ಸುಟ್ಟಿತಲ್ರೀ!” ಬೆರಳನ್ನು ಬಾಯಲ್ಲಿಟ್ಟುಕೊಂಡು ಕುಣಿದರು. ಬೆರಳು ಸುಟ್ಟುಕೊಂಡು ಅಷ್ಟು ಸಂತೋಷಪಟ್ಟವರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ವೋಲ್ಟೇಜಿನ ಏರಿಳಿತ ತೋರಿಸುವ ಸ್ಕೋಪಿನ ಮೊನೆ ಹಚ್ಚಿ ನೋಡಿದರೆ, ಸೊನ್ನೆಗಿಂತ ಕೆಳಗಿರಬೇಕಾಗಿದ್ದ ಮೈನಸ್ ಕಾಲು ಸೊನ್ನೆಗಿಂತ ಮೇಲೆ ಬಂದು ಕೂತಿತ್ತು.

“ಲ್ಯಾಚ್ ಅಪ್,” ಎಂದರು, ಕಳೆದುಹೋದ ನೆಂಟನ ಹೆಸರು ಹೇಳಿದಂತೆ.

ಚಿಪ್ ತನ್ನಷ್ಟಕ್ಕೆ ತಾನೇ ಚಿಲಕ ಹಾಕಿಕೊಂಡು ಕೂರುವುದಕ್ಕೆ ನಮ್ಮ ವೃತ್ತಿಯಲ್ಲಿ ಇರುವ ಹೆಸರು ಅದು. ಚಿಪ್ಪಿನೊಳಗೆ ಯಾರೂ ಬೇಕೆಂದು ಕಟ್ಟದ, ಆದರೆ ಕಟ್ಟಿದ ರೀತಿಯಿಂದಲೇ ಉಳಿದುಹೋದ ಒಂದು ಕಳ್ಳದಾರಿ ಇರುತ್ತದೆ. ಯಾವುದಾದರೂ ಕಾಲಿಗೆ ಬರಬಾರದ ಕಡೆಯಿಂದ ಕರೆಂಟ್ ನುಗ್ಗಿದರೆ ಆ ದಾರಿ ತೆರೆದುಕೊಳ್ಳುತ್ತದೆ. ಒಮ್ಮೆ ತೆರೆಯಿತೆಂದರೆ ಬಂದ ಕರೆಂಟೆಲ್ಲ ಕೆಲಸ ಮಾಡದೆ ನೇರ ನೆಲಕ್ಕೆ ಸುರಿಯುತ್ತದೆ, ಚಿಪ್ ಬಿಸಿಯೇರುತ್ತದೆ. ವಿದ್ಯುತ್ತು ಪೂರ್ತಿ ನಿಲ್ಲುವ ತನಕ ಆ ದಾರಿ ಮುಚ್ಚುವುದಿಲ್ಲ. ಪ್ಲಗ್ ಕಿತ್ತರೆ ಸರಿಹೋಗುತ್ತಿದ್ದುದು ಅದಕ್ಕೇ.

ನುಗ್ಗಿದ ಕರೆಂಟ್ ಎಲ್ಲಿಂದ ಬಂತು ಎಂಬುದನ್ನು ಧಾರವಾಡದವರು ಮಧ್ಯಾಹ್ನದೊಳಗೆ ಹಿಡಿದರು. ಬೋರ್ಡಿನ ಮೇಲೆ ಕರೆಂಟಿನ ಎರಡು ಸಂಗ್ರಹ. ಆಂಪ್ಲಿಫೈಯರಿನ ಕಡೆ ದೊಡ್ಡ ಕೆಪಾಸಿಟರ್, ಹಂಡೆಯಷ್ಟು. ಚಿಪ್ಪಿನ ಕಡೆ ಚಿಕ್ಕದು, ಚೊಂಬಿನಷ್ಟು. ಕರೆಂಟ್ ಹೋದೊಡನೆ ಚೊಂಬು ಬರಿದಾಗುತ್ತದೆ, ಹಂಡೆಯಲ್ಲಿ ಇನ್ನೂ ಇರುತ್ತದೆ. ಶಕ್ತಿಯಿಲ್ಲದೆ ಬಿದ್ದ ಚಿಪ್ಪಿನ ಮೈನಸ್ ಕಾಲಿನೊಳಗೆ ಹಂಡೆಯ ಕರೆಂಟ್ ಆಂಪ್ಲಿಫೈಯರಿನ ಮೂಲಕ ಹಿಮ್ಮುಖವಾಗಿ ನುಗ್ಗುತ್ತದೆ. ಅದೇ ಗಳಿಗೆಗೆ ಕರೆಂಟ್ ವಾಪಸು ಬಂದರೆ ಕಳ್ಳದಾರಿ ತೆರೆಯಿತೆಂದೇ ಲೆಕ್ಕ. ಸಾಕಷ್ಟು ಹೊತ್ತು ಕಾದರೆ ಹಂಡೆಯೂ ಬರಿದು, ಚೊಂಬೂ ಬರಿದು, ಯಾವ ತಂಟೆಯೂ ಇಲ್ಲ. ಅದಕ್ಕೇ ಸುಸಂಸ್ಕೃತರಾದ ನಮ್ಮ ಕೈಯಲ್ಲಿ ತಕ್ಕಡಿ ಎಂದೂ ಕೆಡಲಿಲ್ಲ.

ಮದ್ದು ಹೊಸದೇನೂ ಅಲ್ಲ, ಈ ಜಾತಿಯ ಚಿಪ್ ಬಳಸಿದವರು ಬಲ್ಲದ್ದೇ. ಆದರೆ ರೋಗ ಯಾವುದೆಂದು ಗೊತ್ತಾಗದೆ ಮದ್ದು ಕೊಡುವುದು ಯಾರಿಗೆ? ಮೈನಸ್ ಕಾಲಿನಿಂದ ನೆಲಕ್ಕೆ ಒಂದು ಡಯೋಡ್, ಬೇಗ ತೆರೆದುಕೊಳ್ಳುವ ಜಾತಿಯದು, ಸಾಸಿವೆಗಿಂತ ಚೂರು ದೊಡ್ಡದು. ಒಂದೇ ಕಡೆ ತೆರೆಯುವ ಬಾಗಿಲು ಅದು. ಆ ಕಾಲು ಸೊನ್ನೆಗಿಂತ ಮೇಲೇಳಲು ನೋಡಿದರೆ ಹೆಚ್ಚಾದದ್ದನ್ನು ನೆಲಕ್ಕೆ ಇಳಿಸಿಬಿಡುತ್ತದೆ, ಚಿಪ್ಪಿನೊಳಗೆ ನುಗ್ಗಗೊಡುವುದಿಲ್ಲ. ಅವರು ಬೆಸೆದರು. ನಾನು ಸ್ವಿಚ್ಚಿನ ಮುಂದೆ ಕೂತು ಹದ ಹಿಡಿದು ಮಿಟುಕಿಸಿದೆ. ಪರದೆ ಆರಿ, ಹೊತ್ತಿ, ಸೊನ್ನೆಗೆ ಬಂದು ನಿಂತಿತು. ಮತ್ತೆ ಮಿಟುಕಿಸಿದೆ. ಸೊನ್ನೆ. ನನ್ನ ಟೀ ಮಗ್ ಇಟ್ಟರೆ ಮಗ್ಗಿನ ತೂಕ, ತೆಗೆದರೆ ಸೊನ್ನೆ.

“ಇನ್ನೊಮ್ಮೆ ಮಾಡ್ರಿ,” ಎಂದರು. ಮಾಡಿದೆ. “ಇನ್ನೊಮ್ಮೆ.” ಹೀಗೆ ಇನ್ನೊಮ್ಮೆ ಇನ್ನೊಮ್ಮೆ ಎಂದು ನನ್ನ ಬೆರಳು ನೋಯತೊಡಗಿದ ಮೇಲೆ ಅವರು ಒಂದು ರಿಲೇ ಜೋಡಿಸಿ ಸ್ವಿಚ್ಚಿನ ಕೆಲಸವನ್ನು ಅದಕ್ಕೇ ವಹಿಸಿದರು. ಡಯೋಡ್ ಇದ್ದ ತಕ್ಕಡಿ, ಇಲ್ಲದ ತಕ್ಕಡಿ ಪಕ್ಕಪಕ್ಕ. ಟಕ್ ಎಂದಾಗ ಒಂದು ತಕ್ಕಡಿಗೆ ಭೂತ, ಇನ್ನೊಂದು ಸಾಧು.

ಟಕಟಕ ಸದ್ದು ಕೇಳಿ ಡೈರೆಕ್ಟರು ಮಗ್ ಹಿಡಿದು ಬಂದರು. ನೋಡಿದರು. ಮುಖದಲ್ಲಿ ಬೆಳಕು ಬಂತು, ಆದರೂ ಡಡ್ಲಿಯವರು, ಅಷ್ಟು ಸುಲಭಕ್ಕೆ ನಂಬುವವರಲ್ಲ. “ನಿಮ್ಮ ಮೇಜಿನ ಮೇಲೆ ಎಲ್ಲಾನೂ ಚೆನ್ನಾಗೇ ನಡೆಯತ್ತೆ. ಇಷ್ಟು ದಿನಾನೂ ಚೆನ್ನಾಗೇ ನಡೀತಿತ್ತಲ್ಲ,” ಎಂದರು. “ಮ್ಯಾಂಚೆಸ್ಟರಿನ ಆ ಯಂತ್ರದ ಮುಂದೆ ನಡೆದ್ರೆ ಹೇಳಿ. ನಾನೂ ಬರ್ತೀನಿ.”

ಹೀಗೆ ತಿಂಗಳ ಕೊನೆಗೆ ಇನ್ನೇನು ಒಂದೆರಡು ದಿನವಿರುವಾಗ ಮೂವರೂ ಅವರ ಕಾರಿನಲ್ಲಿ ಹೊರಟೆವು. ಡಿಕ್ಕಿಯಲ್ಲಿ ಎರಡು ತಕ್ಕಡಿ, ಡಯೋಡ್ ಇದ್ದದ್ದೊಂದು, ಇಲ್ಲದ್ದೊಂದು. ಧಾರವಾಡದವರ ಪಾಲಿಗೆ ಅದು ತಕ್ಕಡಿಯ ಪರೀಕ್ಷೆಯಾಗಿರಲಿಲ್ಲ, ಮನೆ ಇರುತ್ತದೋ ಇಲ್ಲವೋ ಎಂಬ ಪರೀಕ್ಷೆ.

ಬೇಕರಿಯ ಹೆಂಗಸು ನಮ್ಮನ್ನು ನೋಡಿದ್ದೇ ತಡ, ಕೆಲಸದವರನ್ನೆಲ್ಲ ಕೂಗಿ ಕರೆದಳು. “ಬನ್ನಿ, ಸ್ವಿಚ್ ಆರಿಸೋರು ಬಂದ್ರು!” ಹೋದ ಸಲದ ನಮ್ಮ ಪ್ರತಾಪವನ್ನು ಊರಿಗೆಲ್ಲ ಹೇಳಿದ್ದಳೆಂದು ಕಾಣುತ್ತದೆ, ಎಲ್ಲರೂ ನಗುತ್ತಲೇ ಬಂದರು. ತಕ್ಕಡಿಗಳನ್ನು ಮೇಜಿನ ಮೇಲೆ ಜೋಡಿಸಿದ ಮೇಲೆ ಅವಳು ಒಲೆಯ ಕಡೆ ಹೋಗಿ, ಆಗ ತಾನೇ ತೆಗೆದ ಎರಡು ದೊಡ್ಡ ಬ್ರೆಡ್ ತಂದು ನನಗೊಂದು, ಧಾರವಾಡದವರಿಗೊಂದು ಬಟ್ಟೆ ಸುತ್ತಿ ಕೊಟ್ಟಳು.

“ಎರಡೂ ಕೈಯಲ್ಲಿ ಹಿಡ್ಕೊಳ್ಳಿ. ಕೆಳಗೆ ಬಿದ್ದರೆ ನನ್ನ ಕೈಲಿ ಬೈಸ್ಕೋತೀರಿ.”

ಮಗುವನ್ನು ಎತ್ತಿಕೊಂಡ ಹಾಗೆ ಇಬ್ಬರೂ ಬಿಸಿ ಬ್ರೆಡ್ ಎದೆಗವಚಿ ನಿಂತೆವು. ಬೇಕಾದಾಗ ನಿಲ್ಲಿಸಿ ಮತ್ತೆ ಹಾಕಲು ಬರಲಿ ಎಂದು ಈ ಸಲ ಯಂತ್ರಕ್ಕೆ ಹಿಟ್ಟು ತುಂಬಿರಲಿಲ್ಲ. ಅವಳು ಗುಂಡಿ ಒತ್ತಿದಳು. ಯಂತ್ರ ಹೂಂಕರಿಸಿತು. ದೀಪಗಳು ಅಲುಗಾಡಲಿಲ್ಲ.

“ಇನ್ನೊಂದು ಸಲ,” ಎಂದರು ಡೈರೆಕ್ಟರು.

ಆಗಲೂ ಇಲ್ಲ. ಹೆಂಗಸು ಏನೋ ನೆನೆಸಿಕೊಂಡವಳಂತೆ ಆಚೆ ಬದಿಯ ಇನ್ನೊಂದು ಯಂತ್ರವನ್ನೂ ಚಾಲೂ ಮಾಡಿಸಿದಳು. ಅದು ತಿರುಗುತ್ತಿರುವಾಗ ಇದರ ಗುಂಡಿ ಒತ್ತಿದಳು.

ಮಿಟುಕಿತು.

ನನ್ನ ಕಾಲು ಗೋಡೆಯ ಕಡೆ ಅರ್ಧ ಹೆಜ್ಜೆ ಹೊರಟಿತ್ತು, ಸುಳ್ಳು ಹೇಳುವುದಿಲ್ಲ. ಬ್ರೆಡ್ ಹಿಡಿದು ನಿಲ್ಲಿಸಿತು. ಎಡಗಡೆಯ ತಕ್ಕಡಿಯ ಮೇಲೆ ಅರ್ಥವಿಲ್ಲದ ಒಂದು ತೂಕ ಬಂದು ಕೂತಿತು. ಬಲಗಡೆಯದು ಆರಿ, ಹೊತ್ತಿ, ಸೊನ್ನೆ ತೋರಿಸಿತು. ಹೆಂಗಸು ಮುಂದೆ ಬಂದು ಹಿಟ್ಟಿನ ಮುದ್ದೆಯೊಂದನ್ನು ಎಡಕ್ಕೆ ಇಟ್ಟಳು. ಅದೇ ತೂಕ, ಕದಲಲಿಲ್ಲ. ಬಲಕ್ಕೆ ಇಟ್ಟಳು. ಪರದೆ ನೋಡಿದಳು, ಮುದ್ದೆಯಿಂದ ಒಂದು ಚೂರು ಚಿವುಟಿ ತೆಗೆದಳು, ಮತ್ತೆ ಪರದೆ ನೋಡಿದಳು.

“ಸರಿಯಾಗಿದೆ,” ಎಂದಳು. “ಈ ಮುಂಡೇದು ಸರಿಯಾಗಿದೆ!”

ಆಮೇಲೆ ಯಾರಿಗೂ ಸಾಕೆನಿಸಲಿಲ್ಲ. ಎರಡು ಯಂತ್ರಗಳನ್ನೂ ಮತ್ತೆ ಮತ್ತೆ ಚಾಲೂ ಮಾಡಿದರು, ದೀಪ ಮತ್ತೆ ಮತ್ತೆ ಮಿಟುಕಿತು, ಎಡದ ತಕ್ಕಡಿಗೆ ಭೂತ ಹಿಡಿದಾಗಲೆಲ್ಲ ಕೆಲಸದವರು ಹೋ ಎಂದು ಕೂಗಿದರು, ಬಲದ್ದು ಸೊನ್ನೆಗೆ ಬಂದಾಗಲೆಲ್ಲ ಚಪ್ಪಾಳೆ ಹೊಡೆದರು. ಫುಟ್‌ಬಾಲ್ ಪಂದ್ಯಕ್ಕೆ ಹೋದ ಹಾಗಾಯಿತು. ಡೈರೆಕ್ಟರು ಎಡದ ತಕ್ಕಡಿಯ ತಳಕ್ಕೆ ಅಂಗೈ ಇಟ್ಟು, ಬಿಸಿಯೆಂದು ತೆಗೆದು, ಮತ್ತೆ ಇಟ್ಟು ನೋಡಿದರು. ಕೈಯಲ್ಲಿ ಮಗ್ ಇರಲಿಲ್ಲವಾದ್ದರಿಂದ ನೇರ ಧಾರವಾಡದವರ ಮುಖ ನೋಡಿ ಹೇಳಬೇಕಾಯಿತು.

“ಎಲ್ಲ ಬೋರ್ಡಿಗೂ ಇದನ್ನ ಹಾಕಿಸಿ. ಆಮೇಲೆ ಮುಂದಿನ ಬೋರ್ಡ್ ಶುರು ಮಾಡಿ. ನೀವೇ ಮಾಡ್ಬೇಕು, ಇನ್ಯಾರು ಮಾಡ್ತಾರೆ? ವೀಸಾ ಕಾಗದಕ್ಕೆ ಸೋಮವಾರ ಸಹಿ ಹಾಕ್ತೀನಿ.”

ಧಾರವಾಡದವರು ತಲೆಯಾಡಿಸಿದರು. ಬ್ರೆಡ್ ಎತ್ತಿಕೊಂಡೇ ಹಿಂಬಾಗಿಲಿನಿಂದ ಲಾರಿ ನಿಲ್ಲುವ ಅಂಗಳಕ್ಕೆ ಹೋದರು. ಕೋಟು ಒಳಗೇ ಬಿಟ್ಟಿದ್ದಾರಲ್ಲ ಎಂದು ಅದನ್ನು ಹಿಡಿದು ನಾನೂ ಹಿಂದೆ ಹೋದೆ. ಫೋನ್ ಸ್ಪೀಕರಿನಲ್ಲಿತ್ತು, ಒಂದು ಕೈಯಲ್ಲಿ ಬ್ರೆಡ್, ಇನ್ನೊಂದರಲ್ಲಿ ಫೋನ್. ಅತ್ತ ಅವರ ಹೆಂಡತಿ.

“ಏನಾತು? ಇಷ್ಟೊತ್ನ್ಯಾಗ ಯಾಕ ಫೋನ್ ಮಾಡೀರಿ?”

“ಏನಿಲ್ಲ. ಇಲ್ಲೇ ಇರತೀವಿ.”

“ಎಲ್ಲಿ? ಮ್ಯಾಂಚೆಸ್ಟರ್‌ದಾಗ?”

“ಅಲ್ಲಽ ಮಾರಾಯ್ತಿ, ಮನ್ಯಾಗ. ನಮ್ಮ ಮನ್ಯಾಗ ಇರತೀವಿ. ಕೆಲಸ ಉಳೀತು.”

“ಕೆಲಸ ಹೊಂಟಿತ್ತೇನು? ನನಗ ಹೇಳಬಾರದಾ?” ಎಂದು ಶುರುವಾದದ್ದು ಹಾಗೇ ಬೈಗುಳವಾಗಿ, ಬೈಗುಳ ಹಾಗೇ ಅಳುವಾಗಿ ಹೋಯಿತು. ಅವರು ‘ಹೂಂ’, ‘ಹೂಂ’ ಎನ್ನುತ್ತಾ ನಿಂತರು. ನಾನು ಕೋಟನ್ನು ಅವರ ಹೆಗಲ ಮೇಲೆ ಹಾಕಿದೆ. ಅಷ್ಟರಲ್ಲಿ ಫೋನ್ ಕೈ ಬದಲಾಯಿತು. ಮಗಳು, ಎಂದಿನಂತೆ ಇಂಗ್ಲಿಷಿನಲ್ಲಿ: ಅಪ್ಪ, ಅಮ್ಮ ಯಾಕೆ ಅಳ್ತಿದ್ದಾಳೆ, ನಾವು ಇಲ್ಲೇ ಇರ್ತೀವಾ, ಹಾಗಾದ್ರೆ ಸಿಕ್ಸ್ತ್ ಫಾರ್ಮಿಗೆ ಅರ್ಜಿ ಕಳಿಸ್ಲಾ? ಅಂದರೆ ಅವಳಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ, ಇಲ್ಲಿಯ ಪಿಯುಸಿಯಂಥ ಆ ಎರಡು ವರ್ಷದ ಓದಿಗೆ ಅರ್ಜಿ ತುಂಬಿಸಿಟ್ಟು ಕಳಿಸದೆ ಕೂತಿದ್ದಳು.

“ಕಳಸವ್ವಾ,” ಎಂದರು ಅವರು. “ಈಗಽ ಕಳಸು. ಕಾಯಬ್ಯಾಡ.”